ಹದ್ದಿನಗುಡ್ಡದ ಕೀಲಿಕೈ

ಹದ್ದಿನಗುಡ್ಡದ ಮೇಲೆ ಹಕ್ಕಿಗಳು ಎಲ್ಲಿ ಬೇಕಾದರೂ ಹೇಲಬಹುದು. ನಾವು ಉಚ್ಚೆ ಹೊಯ್ಯುವಂತಿರಲಿಲ್ಲ. ಕಥೆ ಇಷ್ಟೇ. ಮೂಗು ಮುಚ್ಚಿಕೊಳ್ಳುವ ಮರ್ಯಾದಸ್ಥರು ಈಗಲೇ ಮುಚ್ಚಿಕೊಳ್ಳಲಿ, ಮುಂದೆ ಇನ್ನೂ ನಾತವಿದೆ.

ಹದ್ದಿನಗುಡ್ಡವೆಂದರೆ ಕಡಲಿನ ನಡುವೆ ನಿಂತ ಕಲ್ಲಿನ ದ್ವೀಪ. ನಸುಕಿನಲ್ಲಿ ಬಂದರು ಬಿಟ್ಟ ಬೋಟು ಅಲ್ಲಿಗೆ ಮುಟ್ಟುವಾಗ ಬಿಸಿಲು ಏರಿರುತ್ತದೆ. ಅಲ್ಲಿ ಊರಿಲ್ಲ, ಬಾವಿಯಿಲ್ಲ, ಯಾರೂ ಉಳಿಯುವಂತಿಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಮರದ ತುದಿಯಲ್ಲಿ ಹೆಡಿಗೆಯಷ್ಟು ದೊಡ್ಡ ಗೂಡು ಕಟ್ಟಿವೆ. ಗುಹೆಗಳಲ್ಲಿ ತನ್ನ ಎಂಜಲಿನಿಂದಲೇ ಗೂಡು ಮಾಡುವ ಒಂದು ಸಣ್ಣ ಹಕ್ಕಿ ಇದೆ. ನೀರು ತಿಳಿಯಾಗಿದ್ದ ದಿನ ಬೋಟಿನಿಂದ ಬಗ್ಗಿದರೆ ಅರಿಷಿಣ, ಕುಂಕುಮ ಚೆಲ್ಲಿದಂತೆ ಮೀನುಗಳು ಕಾಣುತ್ತವೆ, ಆಮೆ ಕಾಣುತ್ತದೆ. ಇಂಥ ಜೀವಗಳೆಲ್ಲ ಒಂದೇ ಕಡೆ ಸಿಗುವುದು ಅಪರೂಪವೆಂದು ಅದನ್ನು ರಕ್ಷಿತ ದ್ವೀಪ ಮಾಡಿದ್ದಾರೆ. ಮಂದಿ ಮೊದಲೇ ಹೆಸರು ಬರೆಸಿ, ದುಡ್ಡು ಕೊಟ್ಟು ನೋಡಲು ಬರುತ್ತಾರೆ.

ನಾವು ಪುಕ್ಕಟೆ ನೋಡಿದೆವು. ನಾವೆಂದರೆ ನಾನು ರೂಪಾ, ನನ್ನ ಗಂಡ ಪರಶು, ಅತ್ತೆ ಮಾನವ್ವ. ರೋಣದ ಕಡೆಯ ಅಸೂಟಿಯವರು. ಕಡಲು ಕಾಣುವ ಮೊದಲು ನಾವು ನೋಡಿದ್ದ ದೊಡ್ಡ ನೀರೆಂದರೆ ಕೊಣ್ಣೂರಿನ ಸೇತುವೆಯನ್ನು ನುಂಗಿದ ಮಲಪ್ರಭೆ. ಗಜೇಂದ್ರಗಡದ ಕಳಕಪ್ಪ ಮೇಸ್ತ್ರಿ ನಮ್ಮ ಸೀಮೆಯ ಮಂದಿಯನ್ನು ಕರಾವಳಿಯ ಕೆಲಸಕ್ಕೆ ಕರೆದೊಯ್ಯುವವನು. ದ್ವೀಪದಲ್ಲಿ ಮೆಟ್ಟಿಲು ಕಟ್ಟುವ ಗುತ್ತಿಗೆ ಅವನಿಗೆ ಸಿಕ್ಕಿತ್ತು. ರೊಕ್ಕ ಕೊಟ್ಟು ನೋಡುವ ಜಾಗದಲ್ಲಿ ಕೆಲಸ, ನಿಮ್ಮ ಪುಣ್ಯ ದೊಡ್ಡದು ಎಂದು ಅವನು ಹೇಳಿದಾಗ ಅತ್ತೆ ನಕ್ಕಿದ್ದಳು. ನಮ್ಮವನು, ನಮ್ಮ ಮಾತು ಆಡುವವನು ಎಂದು ನಂಬಿದೆವು. ನಮ್ಮ ಮಾತು ಆಡುವವನೇ ನಮ್ಮನ್ನು ಬೈಯುವಾಗ ಹೆಚ್ಚು ಚೆನ್ನಾಗಿ ಬೈಯುತ್ತಾನೆ ಎಂಬುದು ಆಮೇಲೆ ತಿಳಿಯಿತು.

ಗುಡ್ಡದ ತುಂಬ ಕಲ್ಲು. ಆದರೆ ಅದರಲ್ಲಿ ಒಂದನ್ನೂ ಮುಟ್ಟುವಂತಿಲ್ಲ. ಕಲ್ಲು, ಉಸುಕು, ಸಿಮೆಂಟು, ಎಲ್ಲವೂ ದಡದಿಂದ ಬೋಟಿನಲ್ಲಿ ಬರಬೇಕು. ಬೋಟಿನಿಂದ ಇಳಿಸಿ, ತಲೆಯ ಮೇಲೆ ಸಿಂಬಿ ಇಟ್ಟು, ಅದರ ಮೇಲೆ ಕಲ್ಲಿಟ್ಟು ನಾವು ಹೆಂಗಸರು ಮೇಲಕ್ಕೆ ಹೊರಬೇಕು. ಅತ್ತೆಗೆ ವಯಸ್ಸು ಅರವತ್ತರ ಹತ್ತಿರ. ಅವಳ ಒಡೆದ ಹಿಮ್ಮಡಿಯೊಳಗೆ ಉಪ್ಪುನೀರು ಇಳಿದು ಉರಿಯುತ್ತಿತ್ತು. ಕುತ್ತಿಗೆಯ ನರ ಹಗ್ಗದಂತೆ ಉಬ್ಬುತ್ತಿತ್ತು. ಸಂಜೆ ದಡದಲ್ಲಿದ್ದ ನಮ್ಮ ಶೆಡ್ಡಿಗೆ ಬಂದರೆ ಕುತ್ತಿಗೆ ತಿರುಗಿಸಲು ಆಗದೆ, ಮೈಯನ್ನೇ ತಿರುಗಿಸಿ ನಮ್ಮನ್ನು ನೋಡುತ್ತಿದ್ದಳು. ನಾನೇನು ಚೆನ್ನಾಗಿದ್ದೆ ಎಂದಲ್ಲ. ದಣಿವು ಅನ್ನುವುದು ರಾತ್ರಿ ಮಲಗಿ ಬೆಳಿಗ್ಗೆ ಏಳುವಾಗ ಹೋಗುವುದಿಲ್ಲ, ಎಲುಬಿನಲ್ಲಿ ಮನೆ ಮಾಡುತ್ತದೆ.

ಮೆಟ್ಟಿಲಿಗಿಂತ ಮೊದಲು ನಾವು ಕಟ್ಟಿದ್ದು ಸಂಡಾಸು. ನೋಡಲು ಬರುವವರಿಗೆ ಅದು ಬೇಕೇ ಬೇಕು. ಗಂಡ ಗವಂಡಿ, ಗೋಡೆ ಎಬ್ಬಿಸಿ ಬಿಳಿ ಟೈಲ್ಸು ಕೂರಿಸಿದ. ಒಂದೊಂದು ಟೈಲ್ಸನ್ನೂ ಹೊತ್ತು ತಂದವಳು ಅತ್ತೆ. ದ್ವೀಪದ ಮಣ್ಣು ಕೆಡಬಾರದೆಂದು ಅಲ್ಲಿ ಗುಂಡಿ ತೋಡಲಿಲ್ಲ. ಸಂಡಾಸಿನ ಕೆಳಗೆ ನೀಲಿ ಡ್ರಮ್ಮು ಇಡುವುದು, ಅದು ತುಂಬಿದರೆ ಮುಚ್ಚಳ ಬಿಗಿದು ಬೋಟಿಗೆ ಇಳಿಸಿ ದಡಕ್ಕೆ ಕಳಿಸುವುದು. ಖಾಲಿ ಡ್ರಮ್ಮು ಬರುವ ತನಕ ಬಾಗಿಲಿಗೆ ಬೀಗ. ಕೀಲಿಕೈ ಕಾವಲುಗಾರ ಈಶಪ್ಪನ ಸೊಂಟದಲ್ಲಿ.

ಸಂಡಾಸಿನ ಕೆಲಸ ಮುಗಿದ ದಿನ ಈಶಪ್ಪ ಬಂದು ಹೇಳಿದ, ಇದು ಪ್ರವಾಸಿಗಳಿಗೆ ಮಾತ್ರ. ಕೂಲಿಯವರು ಬಳಸಿದರೆ ಡ್ರಮ್ಮು ಬೇಗ ತುಂಬುತ್ತದೆ. ಗುಡ್ಡದ ಮೇಲೆ ಬೇರೆ ಎಲ್ಲಿಯೂ ಗಲೀಜು ಮಾಡುವಂತಿಲ್ಲ, ಹಕ್ಕಿಗಳಿಗೆ ರೋಗ ಬರುತ್ತದೆ. ಹಾಗಾದರೆ ನಾವು ಏನು ಮಾಡಬೇಕು ಎಂದು ನಾನು ಕೇಳಿದೆ. ಬೆಳಿಗ್ಗೆ ದಡದಲ್ಲೇ ಎಲ್ಲ ಮುಗಿಸಿ ಬರಬೇಕು, ಸಂಜೆ ದಡಕ್ಕೆ ಹೋದ ಮೇಲೆ ಮಾಡಬೇಕು ಅಂದ. ಗಂಡಸರು ಬೋಟಿನ ಅಂಚಿಗೆ ನಿಂತು ಕಡಲಿಗೆ ಹೊಯ್ಯುತ್ತಿದ್ದರು. ನಾವಿಬ್ಬರು ಹೆಂಗಸರು.

ತುಂಬಿದ ಡ್ರಮ್ಮು ಇಳಿಸುವುದು ಯಾರು? ಅದೂ ನಾವೇ. ಬಿದಿರಿನ ಗಳಕ್ಕೆ ಡ್ರಮ್ಮನ್ನು ತೂಗುಹಾಕಿ, ಮುಂದೆ ಅತ್ತೆ, ಹಿಂದೆ ನಾನು. ಮೆಟ್ಟಿಲಿಳಿಯುವಾಗ ಒಳಗೆ ಗುಳುಗುಳು ಎನ್ನುತ್ತಿತ್ತು. ಮುಚ್ಚಳದ ಸಂದಿಯಿಂದ ಒಂದೆರಡು ಹನಿ ಅತ್ತೆಯ ಬೆನ್ನಿಗೆ ಸಿಡಿದ ದಿನವೂ ಉಂಟು. ಅವಳು ತಿರುಗಿ ನೋಡಲಿಲ್ಲ, ಕುತ್ತಿಗೆ ತಿರುಗುತ್ತಲೂ ಇರಲಿಲ್ಲ. ಊರೂರ ಮಂದಿಯ ಹೇಲು ಹೊರುವುದಕ್ಕೆ ನಮ್ಮ ಹೆಗಲು ಆಗುತ್ತದೆ, ನಮ್ಮ ಉಚ್ಚೆಗೆ ಆ ಡ್ರಮ್ಮಿನಲ್ಲಿ ಜಾಗವಿಲ್ಲ. ಈ ಸಿಟ್ಟನ್ನು ನಾನು ಯಾರಿಗೆ ಹೇಳಲಿ? ಗಂಡನಿಗೆ ಹೇಳಿದೆ. ಊರಿಗೆ ಹೋಗೂಣು ಅಂದರೆ ಊರಾಗ ಏನ್ ಬಂಗಾರದ ಸಂಡಾಸ ಐತೇನು ಅಂದ.

ಅದೂ ನಿಜ. ಹೊತ್ತು ಮುಳುಗುವ ತನಕ ತಡೆದುಕೊಳ್ಳುವುದು ನಮ್ಮ ಕೇರಿಯ ಹುಡುಗಿ ಕಲಿಯುವ ಮೊದಲ ವಿದ್ಯೆ. ಸಾಲಿಗೆ ಹೋಗುವ ಮೊದಲೇ ಅದನ್ನು ಕಲಿತಿರುತ್ತೇವೆ. ಆದರೆ ಊರಿನಲ್ಲಿ ಹೊಲವಿದೆ, ಹಳ್ಳವಿದೆ, ಜಾಲಿ ಕಂಟಿಯಿದೆ. ತೀರ ಅರ್ಜಂಟಾದರೆ ಭೂಮಿ ಬೇಡ ಅನ್ನುವುದಿಲ್ಲ. ಇಲ್ಲಿ ಭೂಮಿಯೇ ಬೇಡ ಅಂದಿತು. ನಾವು ನೀರು ಕುಡಿಯುವುದನ್ನು ಬಿಟ್ಟೆವು. ಕಟಕ್ ರೊಟ್ಟಿ, ಚಟ್ನಿಪುಡಿ ಬಾಯಿಗೆ ಹಾಕಿ, ಒಂದು ಗುಟುಕಿನಲ್ಲಿ ಗಂಟಲು ತೊಯ್ಯಿಸಿ ಏಳುವುದು. ಬಿಸಿಲಿಗೆ ತಲೆ ಗಿರ್ ಅನ್ನುತ್ತಿತ್ತು. ನಾಲಿಗೆ ಚರ್ಮದ ತುಂಡಿನಂತಾಗುತ್ತಿತ್ತು.

ಅತ್ತೆಗೆ ಮೊದಲು ಉರಿ ಶುರುವಾಯಿತು. ಆಮೇಲೆ ಚಳಿ ಜ್ವರ. ಸಂಜೆ ದಡಕ್ಕೆ ಬಂದು ಕೂತರೂ ಹನಿಹನಿ ಬೀಳುತ್ತಿತ್ತು, ಕೆಂಪಗೆ. ಹಲ್ಲು ಕಚ್ಚಿ ನನ್ನ ಕೈ ಹಿಡಿಯುತ್ತಿದ್ದಳು. ದವಾಖಾನೆಗೆ ಕರೆದೊಯ್ದೆ. ಡಾಕ್ಟರಮ್ಮ ಚೆನ್ನಾಗಿ ಮಾತಾಡಿಸಿದಳು, ಗುಳಿಗೆ ಕೊಟ್ಟಳು. ಕೊಡಗಟ್ಟಲೆ ನೀರು ಕುಡಿಯಬೇಕು, ಬಂದ ಕೂಡಲೇ ಹೋಗಬೇಕು, ತಡೆದರೆ ಮೂತ್ರಪಿಂಡಕ್ಕೆ ಏರುತ್ತದೆ, ಜೀವಕ್ಕೆ ಕುತ್ತು ಅಂದಳು. ಅತ್ತೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ನಕ್ಕಳು. ಆ ನಗು ನನಗೆ ಸೇರಲಿಲ್ಲ.

ಮರುದಿನದಿಂದ ಅತ್ತೆ ನೀರು ಕುಡಿದಳು. ಕುಡಿದ ಮೇಲೆ ಜಾಗ ಬೇಕಲ್ಲ. ಹುಡುಕಿದೆವು. ಮೆಟ್ಟಿಲಿನಿಂದ ಸ್ವಲ್ಪ ದೂರ, ದೊಡ್ಡ ಬಂಡೆಯ ಮಗ್ಗುಲಿಗೆ, ಗಾಳಿ ಬಡಿಯದ ಒಂದು ಮೂಲೆ. ಎದುರಿಗೆ ಒಂದು ಮರ. ಒಬ್ಬಳು ಕೂತರೆ ಇನ್ನೊಬ್ಬಳು ದಾರಿ ಕಾಯುವುದು. ಊರಿನಲ್ಲಿ ಇದಕ್ಕೆಲ್ಲ ಕಟ್ಟಳೆಯಿದೆ. ಗಂಡಸು ಆ ಕಡೆ ಬರುವುದಿದ್ದರೆ ದೂರದಿಂದಲೇ ಕೆಮ್ಮುತ್ತಾನೆ. ಕೂತ ಹೆಂಗಸು ದಾರಿಗೆ ಬೆನ್ನು ಹಾಕಿ ಕೂಡುವುದಿಲ್ಲ, ಮುಖ ಮಾಡಿ ಕೂಡುತ್ತಾಳೆ, ಬರುವವರು ಕಂಡರೆ ಎದ್ದು ನಿಲ್ಲಬೇಕು. ಅತ್ತೆ ಆ ಕಟ್ಟಳೆಯನ್ನು ಇಲ್ಲಿಯೂ ತಪ್ಪಲಿಲ್ಲ. ಬಂಡೆಗೆ ಬೆನ್ನು ಹಚ್ಚಿ, ಮರದ ಕಡೆ ಮುಖ ಮಾಡಿ ಕೂತಳು.

ಆ ಮರಕ್ಕೆ ಕ್ಯಾಮೆರಾ ಕಟ್ಟಿದ್ದರು. ತೊಗಟೆಯ ಬಣ್ಣದ ಡಬ್ಬಿ. ಹದ್ದುಗಳು ಮೀನು ತಂದು ಆ ಬಂಡೆಯ ಮೇಲೆ ಕೂತು ತಿನ್ನುತ್ತವಂತೆ, ಅದನ್ನು ಹಿಡಿಯಲು. ಎದುರಿಗೆ ಏನು ಅಲುಗಾಡಿದರೂ ತಾನೇ ಫೋಟೋ ತೆಗೆಯುವಂಥದ್ದು. ಕ್ಯಾಮೆರಾ ಕೆಮ್ಮುವುದಿಲ್ಲ. ನಮಗೆ ಯಾರೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಬಂದರಿನಲ್ಲಿ ಬೋಟಿನ ಹುಡುಗರು ಅತ್ತೆಯನ್ನು ನೋಡಿ ತಮ್ಮತಮ್ಮಲ್ಲೇ ನಕ್ಕರು. ಒಬ್ಬ ಮುಖ ಆಚೆ ತಿರುಗಿಸಿದ. ಕಳಕಪ್ಪ ನನ್ನ ಗಂಡನನ್ನು ಬಲೆಗಳ ರಾಶಿಯ ಹಿಂದೆ ಕರೆದು ಮೊಬೈಲು ತೋರಿಸಿದ. ನಾನು ಹೋಗಿ ನಡುವೆ ತಲೆ ಹಾಕಿದೆ. ಫೋಟೋದಲ್ಲಿ ಅತ್ತೆ ಕೂತಿದ್ದಳು. ಸೀರೆ ಮೊಣಕಾಲ ಮೇಲೆ. ಮುಖ ನೆಟ್ಟಗೆ ನಮ್ಮ ಕಡೆಗೇ. ಕಣ್ಣು ಕಿರಿದು ಮಾಡಿ ಯಾರಾದರೂ ಬರುತ್ತಾರೇನೋ ಎಂದು ನೋಡುತ್ತಿದ್ದಳು. ಮೂಲೆಯಲ್ಲಿ ನನ್ನ ಬೆನ್ನು. ಕೆಳಗೆ ತಾರೀಖು, ಹೊತ್ತು, ಎಲ್ಲ ಅಚ್ಚಾಗಿತ್ತು.

ಕಚೇರಿಯ ಕಂಪ್ಯೂಟರಿನಲ್ಲಿ ಹದ್ದು ನೋಡಲು ಕೂತವರು ಇದನ್ನು ನೋಡಿದ್ದರು. ದ್ವೀಪದ ಉಸ್ತುವಾರಿ ಸಾಹೇಬ ಕಳಕಪ್ಪನನ್ನು ಕರೆಸಿ ಉಗಿದಿದ್ದ. ಗುತ್ತಿಗೆ ರದ್ದು ಮಾಡುತ್ತೇನೆ ಅಂದಿದ್ದ. ಕಳಕಪ್ಪ ಕೈಕಾಲು ಹಿಡಿದು ಒಪ್ಪಂದ ಮಾಡಿಕೊಂಡು ಬಂದಿದ್ದ. ರವಿವಾರ ಸಾಹೇಬ ಪ್ರವಾಸಿಗಳ ಜೊತೆ ದ್ವೀಪಕ್ಕೆ ಬರುತ್ತಾನೆ, ಮಾನವ್ವ ಎಲ್ಲರ ಮುಂದೆ ಕೈಮುಗಿದು ತಪ್ಪಾಯಿತು ಅನ್ನಬೇಕು. ಹಾಗೆ ಅಂದರೆ ಕೆಲಸ ಉಂಟು. ಇಲ್ಲವಾದರೆ ಮೂವರೂ ಗಂಟುಮೂಟೆ ಕಟ್ಟಬೇಕು.

ಫೋಟೋ ಅಳಿಸುತ್ತಾರೇನು ಎಂದು ಕೇಳಿದೆ. ಅದು ದಾಖಲೆ, ಅಳಿಸುವಂತಿಲ್ಲ ಅಂದ ಕಳಕಪ್ಪ. ನಿನ್ನ ಮೊಬೈಲಿಗೆ ಆ ದಾಖಲೆ ಹೇಗೆ ಬಂತು ಎಂದು ಕೇಳಿದರೆ, ದೊಡ್ಡವರ ನಡುವೆ ಬಾಯಿ ಹಾಕಬೇಡ ಅಂದ.

ನನ್ನ ಗಂಡನ ಸಿಟ್ಟು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹೋಗಲಿಲ್ಲ. ಸಂಜೆ ಶೆಡ್ಡಿನಲ್ಲಿ ತಾಯಿಯ ಮೇಲೆ ಹರಿಹಾಯ್ದ. ನಿನಗ ಬ್ಯಾರೆ ಜಾಗಾನ ಸಿಗಲಿಲ್ಲೇನು, ಇನ್ನ ನಾ ಮಂದ್ಯಾಗ ಹ್ಯಾಂಗ ಮಾರಿ ತೋರಸ್ಲಿ ಅಂದ. ಹೊತ್ತಿದ್ದು ಅವಳು, ಜ್ವರ ಬಂದಿದ್ದು ಅವಳಿಗೆ, ಮಾರಿ ಮಾತ್ರ ಇವನದು. ಮೈಯೆಲ್ಲ ಉರಿಯಿತು ನನಗೆ. ಬಾಯಿಗೆ ಬಂದದ್ದು ಅಂದೆ. ಅತ್ತೆ ಮತ್ತೆ ನೀರು ಬಿಟ್ಟಿದ್ದಳು. ತಂಬಿಗೆ ಮುಂದಿಟ್ಟರೆ ಪಕ್ಕಕ್ಕೆ ಸರಿಸಿದಳು. ಅವಳು ಹೀಗೆಯೇ ಒಣಗಿ ಸಾಯುತ್ತಾಳೆ ಎಂದು ನನಗೆ ಖರೇ ಹೆದರಿಕೆಯಾಯಿತು.

ರವಿವಾರ ಮೊದಲು ನಮ್ಮ ಬೋಟು ಹೋಯಿತು, ಆಮೇಲೆ ಪ್ರವಾಸಿಗಳದು ಬಂತು. ಟೋಪಿ, ದುರ್ಬೀನು, ದೊಡ್ಡ ಕ್ಯಾಮೆರಾ. ಅಂದು ಕಡಲು ಕುದಿಯುತ್ತಿತ್ತು, ಅರ್ಧ ಮಂದಿ ವಾಂತಿ ಮಾಡಿಕೊಂಡು ಮುಖ ಬಿಳಿಚಿಕೊಂಡಿದ್ದರು. ಇಳಿದವರೇ ಸಂಡಾಸಿನ ಮುಂದೆ ಸಾಲುಗಟ್ಟಿದರು. ಬಾಗಿಲಿಗೆ ಬೀಗ. ಶನಿವಾರದ ಡ್ರಮ್ಮು ತುಂಬಿತ್ತು, ಅದು ಇಳಿದು ಖಾಲಿಯದು ಏರಬೇಕು. ಈಶಪ್ಪ ನಮಗೆ ಲಗೂ ಎಂದು ಕೈಬೀಸಿದ.

ಗಳಕ್ಕೆ ಡ್ರಮ್ಮು ಕಟ್ಟಿ ಎತ್ತಿದೆವು. ಮುಂದೆ ಅತ್ತೆ, ಹಿಂದೆ ನಾನು. ಕಿರಿದಾದ ಮೆಟ್ಟಿಲಿನ ನಡುವೆ ಸಾಹೇಬ ಮತ್ತು ಕಳಕಪ್ಪ ಎದುರಾದರು. ಸಾಹೇಬ ಪ್ರವಾಸಿಗಳ ಕಡೆ ತಿರುಗಿ, ಇಲ್ಲಿ ಒಂದು ಹನಿ ಗಲೀಜನ್ನೂ ನಾವು ಸಹಿಸುವುದಿಲ್ಲ, ತಪ್ಪು ಮಾಡಿದವರು ಕೂಲಿಯವರಾದರೂ ಬಿಡುವುದಿಲ್ಲ ಎಂದು ಸಾವಧಾನವಾಗಿ ವಿವರಿಸಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಕ್ಕಳಿಗೆ ಪಾಠ ಹೇಳುವ ದನಿ. ಕಳಕಪ್ಪ ಅತ್ತೆಗೆ ಕಣ್ಸನ್ನೆ ಮಾಡಿದ.

ಅತ್ತೆ ಗಳವನ್ನು ಹೆಗಲಿನಿಂದ ಇಳಿಸಿದಳು. ನಾನೂ ಇಳಿಸಿದೆ. ಡ್ರಮ್ಮು ಮೆಟ್ಟಿಲಿನ ನಟ್ಟನಡುವೆ ನಿಂತಿತು. ಅತ್ತೆ ಕೈಮುಗಿಯುತ್ತಾಳೆ ಎಂದು ಎಲ್ಲರೂ ನೋಡುತ್ತಿದ್ದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಆ ಡ್ರಮ್ಮಿನ ಮೇಲೆ ಕೂತುಬಿಟ್ಟಳು.

"ಇವತ್ತ ಹೊರಂಗಿಲ್ರಿ," ಅಂದಳು.

ಕಳಕಪ್ಪ ಏಳು ಅಂದ, ಹುಚ್ಚು ಹಿಡಿದಿದೆಯೇ ಅಂದ. ಅವಳು ಅವನ ಕಡೆ ನೋಡಲೇ ಇಲ್ಲ. ಸಾಹೇಬನಿಗೇ ಹೇಳಿದಳು.

"ನನಗ ಭಾಳ ದಣಿವಾಗೇತ್ರಿ ಸಾಹೇಬ್ರ. ಇದರಾಗ ನಂದು ಒಂದ್ ಹನಿ ಇಲ್ಲ. ಯಾರದೈತಿ ಅವರ ಹೊತ್ಕೊಂಡ್ ಹೋಗ್ಲಿ. ಇಲ್ಲಾ, ನನಗೂ ಕೀಲಿಕೈ ಕೊಡ್ರಿ."

ಸಾಹೇಬ ನಿಯಮ ಹೇಳಿದ. ಡ್ರಮ್ಮಿನ ಲೆಕ್ಕ ಹೇಳಿದ. ಈ ದ್ವೀಪದ ಜೀವಗಳು ಎಷ್ಟು ಸೂಕ್ಷ್ಮ ಎಂದು ಹೇಳಿದ. ಅತ್ತೆ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡಳು.

"ನಾನೂ ಒಂದ್ ಜೀವ ಅದೀನ್ರಿ," ಅಂದಳು. "ಹಕ್ಕಿ ಫೋಟೋ ಇಟ್ಕೋರಿ. ನಂದು ಅಳಸ್ರಿ. ನೀವು, ಈ ಕಳಕಪ್ಪ, ಆ ಈಶಪ್ಪ, ಯಾರ್ಯಾರ ಮೊಬೈಲ್‌ನ್ಯಾಗ ಐತಿ ಅವರು ನನ್ನ ಸೊಸಿ ಮುಂದ ತಗೀರಿ. ಅಲ್ಲಿತನಕಾ ನಾ ಏಳಂಗಿಲ್ಲ."

ಯಾವ ಫೋಟೋ ಎಂದು ಪ್ರವಾಸಿಗಳು ಒಬ್ಬರನ್ನೊಬ್ಬರು ಕೇಳಿದರು. ನಾನು ಹೇಳಿದೆ. ನನಗೆ ನಾಚಿಕೆ ಆಗಲಿಲ್ಲ. ಉಚ್ಚೆ ಹೊಯ್ಯಲು ಕೂತ ಮುದುಕಿಯ ಫೋಟೋ, ಇವರು ತಮ್ಮ ಮೊಬೈಲಿನಲ್ಲಿ ಇಟ್ಟುಕೊಂಡಿದ್ದಾರೆ, ಬಂದರಿನ ತುಂಬ ಹಂಚಿದ್ದಾರೆ ಎಂದು ಗಟ್ಟಿಯಾಗಿ ಹೇಳಿದೆ. ಸಾಹೇಬನ ಮುಖ ಕೆಂಪಾಯಿತು. ಸಾಲಿನಲ್ಲಿದ್ದ ಒಬ್ಬ ಹೆಂಗಸು ಅಯ್ಯೋ ಪಾಪ ಅನ್ನುತ್ತ ಮೊಬೈಲು ಎತ್ತಿ ಅತ್ತೆಯನ್ನೇ ಹಿಡಿಯತೊಡಗಿದಳು. ನಾನು ಹೋಗಿ ಮೊಬೈಲಿನ ಕಣ್ಣಿಗೆ ಅಂಗೈ ಅಡ್ಡ ಇಟ್ಟೆ. ಅವಳಿಗೆ ಬೇಜಾರಾಯಿತು. ನಾನು ನಿಮ್ಮ ಪರವಾಗಿಯೇ ವಿಡಿಯೋ ಮಾಡುತ್ತಿದ್ದೇನೆ, ಜಗತ್ತಿಗೆ ತಿಳಿಯಲಿ ಅಂದಳು.

"ನಮ್ಮ ಕಡೆ ಇದ್ರ ಆ ಗಳದ ಒಂದ್ ತುದಿ ಹಿಡೀರಿ ಅಕ್ಕಾರ," ಅಂದೆ.

ಅವಳು ಡ್ರಮ್ಮನ್ನು ನೋಡಿದಳು, ತನ್ನ ಬಿಳಿ ಬೂಟುಗಳನ್ನು ನೋಡಿದಳು. ಶಾಂಭವಿ, ಈಚೆ ಬಾ ಎಂದು ಜೊತೆಯವರು ಕರೆದರು. ಹೋದಳು.

ಬಿಸಿಲು ಏರುತ್ತಿತ್ತು. ಆ ಮೆಟ್ಟಿಲಿಗೆ ಗಾಳಿ ಬಡಿಯುತ್ತಿರಲಿಲ್ಲ. ಡ್ರಮ್ಮಿನ ನಾತ ಮೆಲ್ಲಗೆ ಎದ್ದು ಎಲ್ಲರ ಮೂಗಿಗೂ ಸಮನಾಗಿ ಹಂಚಿಕೆಯಾಯಿತು. ಸಾಲಿನಲ್ಲಿದ್ದವರು ಕಾಲು ಬದಲಿಸಿ ನಿಂತರು. ಒಬ್ಬಾತ ಹೊಟ್ಟೆ ಹಿಡಿದುಕೊಂಡು ಬಂಡೆಗೆ ಒರಗಿದ. ಹಿರಿಯ ಹೆಂಗಸೊಬ್ಬಳು, ಅದೇನಿದೆಯೋ ಅಳಿಸಿ, ಕೀಲಿ ಕೊಟ್ಟು ಕಳಿಸಿ, ನಮಗೆ ನಿಲ್ಲಲಾಗುತ್ತಿಲ್ಲ ಎಂದು ಸಾಹೇಬನ ಮೇಲೆ ರೇಗಿದಳು. ಅವಳಿಗೆ ನಮ್ಮ ಮೇಲೆ ಕರುಣೆ ಬಂತೆಂದು ನಾನು ಹೇಳುವುದಿಲ್ಲ. ತನಗೆ ಒತ್ತಡವಾದಾಗ ನ್ಯಾಯ ಬೇಗ ಅರ್ಥವಾಗುತ್ತದೆ.

ಸಾಹೇಬ ಮೊಬೈಲು ತೆಗೆದ. ಈಶಪ್ಪ ತೆಗೆದ. ಕಳಕಪ್ಪ ಕೊನೆಗೆ ತೆಗೆದ. ಒಂದೊಂದಾಗಿ ನನ್ನ ಮುಂದೆ ಅಳಿಸಿದರು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಎಲ್ಲೆಲ್ಲಿ ಹುಡುಕಬೇಕೋ ಹುಡುಕಿ ನೋಡಿದೆ. ಕಚೇರಿಯ ಕಂಪ್ಯೂಟರಿನಲ್ಲಿ ಅದು ಇರಬಹುದು. ಬೋಟಿನ ಹುಡುಗರ ಬಳಿ ಇರುವುದು ಖಾತ್ರಿ. ಅಷ್ಟು ಮೊಬೈಲು ಹಿಡಿದು ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ಮೂವರ ತಲೆಯನ್ನಾದರೂ ತಗ್ಗಿಸಿದೆವು.

ಅಷ್ಟರಲ್ಲಿ ಕೆಳಗಿನಿಂದ ಪರಶು ಬಂದ. ಇಷ್ಟು ಹೊತ್ತು ಅವನು ಕರಣೆ ಹಿಡಿದು ಮೆಟ್ಟಿಲ ಬದಿಯ ಗೋಡೆಯ ಕಡೆಗೇ ನೋಡುತ್ತಿದ್ದ. ಈಗ ಖಾಲಿ ಡ್ರಮ್ಮನ್ನು ಒಬ್ಬನೇ ಬೆನ್ನಿಗೆ ಹಾಕಿಕೊಂಡು, ತಾಯಿಯ ಪಕ್ಕದ ಬಂಡೆಯ ಮೇಲಿಂದ ದಾಟಿ, ಸಾಲಿನ ಮಂದಿಯನ್ನು ಸರಿಯಿರಿ ಎಂದು ಸರಿಸಿ ಮೇಲೆ ಹತ್ತಿದ. ಸಂಡಾಸಿನ ಕೆಳಗೆ ಅದನ್ನು ಕೂರಿಸಿದ. ತಾಯಿಯ ಮುಂದೆ ಬಂದು ನಿಂತು, "ಏಳವ್ವಾ," ಅಂದ. ಅವನ ಮೇಲಿನ ಸಿಟ್ಟು ನನಗೆ ಪೂರ್ತಿ ಹೋಗಲಿಲ್ಲ, ಅರ್ಧ ಹೋಯಿತು.

ಈಶಪ್ಪ ಕೀಲಿಕೈ ಕೊಟ್ಟ. ಕೈಗೆ ಕೊಡಲಿಲ್ಲ, ಕಲ್ಲಿನ ಮೇಲೆ ಇಟ್ಟ. ಅತ್ತೆ ಎದ್ದಳು. ದಾರಿ ಬೇಕಲ್ಲ, ಅವಳು ಎದ್ದ ಕೂಡಲೇ ಕಳಕಪ್ಪ ಟವೆಲ್ಲಿನಿಂದ ಮೂಗು ಕಟ್ಟಿಕೊಂಡು ಗಳದ ಒಂದು ತುದಿ ಹಿಡಿದ, ಈಶಪ್ಪ ಇನ್ನೊಂದು. ನಾಳೆಯಿಂದ ನೀವು ಬೋಟು ಹತ್ತುವುದು ಬೇಡ, ನಿಮ್ಮ ಗಂಟು ಶೆಡ್ಡಿನ ಹೊರಗೆ ಇರುತ್ತದೆ ಎಂದು ಕಳಕಪ್ಪ ಟವೆಲ್ಲಿನೊಳಗಿಂದಲೇ ಹೇಳಿ ಮೆಟ್ಟಿಲಿಳಿದ. ಗೊತ್ತಿದ್ದದ್ದೇ. ನಮಗೆ ಬೇರೆ ಮೇಸ್ತ್ರಿ, ಬೇರೆ ಊರು, ಅಲ್ಲಿಯೂ ಯಾವುದೋ ಒಂದು ಬೀಗ.

ಅತ್ತೆ ಬೀಗ ತೆಗೆದು ಒಳಗೆ ಹೋದಳು. ಚಿಲಕ ಬಿದ್ದ ಸಪ್ಪಳ ಕೇಳಿತು. ತುಂಬ ಹೊತ್ತು ಬರಲಿಲ್ಲ. ಒಳಗಿನಿಂದ ನರಳುವ ದನಿ, ಆಮೇಲೆ ನೀರು ಹಾಕಿಕೊಳ್ಳುವ ಸಪ್ಪಳ. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ಸಾಲಿನ ಮೊದಲಿಗೆ ನಿಂತಿದ್ದ ಹಿರಿಯ ಹೆಂಗಸು ಮುಂದೆ ಬಂದಳು. ಅತ್ತೆ ಅವಳಿಗೆ ಅಡ್ಡವಾಗಿ ಬಾಗಿಲು ಹಿಡಿದು ನಿಂತು ನನ್ನನ್ನು ಕರೆದಳು.

ಒಳಗೆ ಹೋಗಿ ಚಿಲಕ ಹಾಕಿದೆ. ತಂಪಾಗಿತ್ತು. ಬಿಳಿ ಟೈಲ್ಸು ಹೊಳೆಯುತ್ತಿತ್ತು. ಕೂತೆ. ನಸುಕಿನಿಂದ ಕಟ್ಟಿಕೊಂಡದ್ದು, ಕಿಬ್ಬೊಟ್ಟೆ ಕಲ್ಲಾಗಿತ್ತು. ಬರಲಿಲ್ಲ. ಇನ್ನಷ್ಟು ಹೊತ್ತು ಕೂತೆ. ಹನಿಯೂ ಬರಲಿಲ್ಲ. ಸಣ್ಣವಳಿದ್ದಾಗಿನಿಂದ ಈ ಮೈಗೆ ತಡೆ, ತಡೆ ಎಂದು ಹೇಳಿಕೊಟ್ಟಿದ್ದೆ. ಈಗ ಬಿಡು ಅಂದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಹೊರಗೆ ಮಂದಿ ಕೆರ ನೆಲಕ್ಕೆ ಉಜ್ಜುವ ಸಪ್ಪಳ, ಇನ್ನೆಷ್ಟು ಹೊತ್ತು ಎಂದು ಯಾರೋ ಗೊಣಗುವುದು ಕೇಳುತ್ತಿತ್ತು. ಅಳು ಬಂತು. ಅದನ್ನೂ ಸಪ್ಪಳವಾಗದಂತೆ ಅತ್ತು ಮುಗಿಸಿದೆ. ಆಗುವುದಿಲ್ಲ, ಎದ್ದು ಹೋಗೋಣ ಎಂದು ಸೀರೆ ಕೆಳಗೆ ಬಿಡುತ್ತಿದ್ದೆ. ಬಾಗಿಲಿನ ಆಚೆಯಿಂದ, ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಮಾನವ್ವ ಹೇಳಿದಳು:

"ಗಡಿಬಿಡಿ ಮಾಡಬ್ಯಾಡ ರೂಪವ್ವಾ. ಆಗೂತನಕಾ ಕುಂಡ್ರು. ಅವರು ನಿಂದರ್ಲಿ."

ನಾನು ಮತ್ತೆ ಕೂತೆ.